ಗೃಹಸ್ಥರ ಲೆಕ್ಕ: ಪರದೇಶದ ಹಳ್ಳಿಯಲ್ಲೊಂದು ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ತನ್ನ ಊರಿನಲ್ಲಿಯೇ, ತನ್ನ ಭಾಷೆಯನ್ನಾಡುವ ಮೇಸ್ತ್ರಿಯನ್ನಿಟ್ಟುಕೊಂಡು, ದಿನಕ್ಕೆರಡು ಸಲ ಹೋಗಿ ನೋಡಿ ಬರುವ ಯಜಮಾನನಿಗೇ ಈ ಕೆಲಸವು ಇಷ್ಟು ಕಷ್ಟವಾಗಿರುವಲ್ಲಿ, ಕಡಲಾಚೆಯ ಒಂದು ಹಳ್ಳಿಯಲ್ಲಿ ಹಳೆಯ ಮನೆಯನ್ನು ಕೊಂಡು ದುರಸ್ತಿ ಮಾಡಿಸಬೇಕೆನ್ನುವವರ ಪಾಡನ್ನು ಹೇಳತಕ್ಕದ್ದೇನಿದೆ? ಈ ತಿಂಗಳು ನಮಗೆ ಬಂದ ಪತ್ರವೊಂದು ಇದೇ ವಿಷಯಕ್ಕೆ ಸಂಬಂಧಿಸಿದ್ದು. ಅದರಲ್ಲಿ ಕೇಳಿರುವ ಪ್ರಶ್ನೆಯು ಒಂದು ಕುಟುಂಬದ ಪಿತ್ರಾರ್ಜಿತ ಆಸ್ತಿಯನ್ನೇ ಮುಟ್ಟುವಂಥದಾದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರ ಕೊಡಲು ಮನಸ್ಸು ಮಾಡಿದ್ದೇವೆ.

ಪತ್ರ ಬರೆದವರು ಮಲೆನಾಡಿನ ಗೃಹಸ್ಥರು. ಅವರ ಮಗಳೂ ಅಳಿಯಂದಿರೂ ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ಬಹುಕಾಲದಿಂದ ಉದ್ಯೋಗದಲ್ಲಿದ್ದಾರೆ. ಆ ನಗರಕ್ಕೆ ಪಶ್ಚಿಮದಲ್ಲಿರುವ ಓವೆರ್ನ್ ಪ್ರಾಂತದ ಬೆಟ್ಟದ ಹಳ್ಳಿಯೊಂದರಲ್ಲಿ ಕಲ್ಲಿನ ಹಳೆಯ ಮನೆಯೊಂದನ್ನು 70,000 ಯೂರೋಗಳಿಗೆ ಕೊಳ್ಳಬೇಕೆಂದು ಅವರ ಆಸೆ. ಉಳಿತಾಯವೂ ಬ್ಯಾಂಕಿನ ಸಾಲವೂ ಸೇರಿ ಕೈಯಲ್ಲಿರುವುದು 1,80,000 ಯೂರೋ. ದುರಸ್ತಿಗೆ ಇಬ್ಬರು ಗುತ್ತಿಗೆದಾರರು ಅಂದಾಜು ಕೊಟ್ಟಿದ್ದಾರೆ: ಒಬ್ಬನದು 82,000, ಇನ್ನೊಬ್ಬನದು 1,04,000. ಮೊದಲನೆಯವನು ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟರೆ ಮುಂದಿನ ತಿಂಗಳೇ ಕೆಲಸ ಹಿಡಿಯುವೆನೆನ್ನುತ್ತಾನಂತೆ. ಹೇಗೂ ಹಣ ಸಾಲದೆ ಬರುವುದೆಂದು ತಿಳಿದು, ತಂದೆಯವರು ಅಡಿಕೆ ತೋಟದ ಒಂದು ಭಾಗವನ್ನು ಮಾರಿ ಮಗಳಿಗೆ ಕಳುಹಿಸಲು ಯೋಚಿಸಿದ್ದಾರೆ. 'ಮಾರಬಹುದೆ?' ಎಂಬುದೇ ಅವರ ಪ್ರಶ್ನೆ.

ಉತ್ತರವನ್ನು ಕೊನೆಗೆ ಹೇಳುವೆವು. ಮೊದಲು ಆ ದೇಶದ ಪದ್ಧತಿಯನ್ನು ತಿಳಿಯುವುದು ಅವಶ್ಯಕ.

ಕ್ರಯದ ಮೇಲಣ ಖರ್ಚು

ಫ್ರಾನ್ಸಿನಲ್ಲಿ ಸ್ಥಿರಾಸ್ತಿಯ ಕ್ರಯವು 'ನೋತೇರ್' ಎಂಬ ಅಧಿಕಾರಿಯ ಮುಂದೆ ನಡೆಯುತ್ತದೆ. ಆತನು ಕೇವಲ ಪತ್ರ ಬರೆಯುವವನಲ್ಲ. ಸರಕಾರದಿಂದ ನೇಮಕಗೊಂಡು, ಹಕ್ಕು ಬಾಧ್ಯತೆಗಳನ್ನು ಪರಿಶೀಲಿಸಿ, ತೆರಿಗೆಯನ್ನು ವಸೂಲು ಮಾಡಿ ಸರಕಾರಕ್ಕೆ ಸಲ್ಲಿಸುವವನು. ಹಳೆಯ ಮನೆಯಾದರೆ ಈ ತೆರಿಗೆ ಮತ್ತು ಶುಲ್ಕಗಳೆಲ್ಲ ಸೇರಿ ಕ್ರಯದ ಶೇಕಡ 7ರಿಂದ 8ರಷ್ಟಾಗುತ್ತದೆ. 70,000ಕ್ಕೆ ಶೇಕಡ 8ರಂತೆ 5,600. ಆದುದರಿಂದ ಈ ಮನೆಯ ನಿಜವಾದ ಬೆಲೆ 75,600 ಯೂರೋ ಎಂದು ಬರೆದುಕೊಳ್ಳತಕ್ಕದ್ದು.

ಕ್ರಯಪತ್ರಕ್ಕೆ ಮುಂಚೆ ಒಂದು ಕರಾರುಪತ್ರವಾಗುವುದು ವಾಡಿಕೆ. ಅದು ಕೈಸೇರಿದ ಮೇಲೆ 10 ದಿವಸಗಳೊಳಗೆ ಕೊಳ್ಳುವವರು ಯಾವ ಕಾರಣವನ್ನೂ ಹೇಳದೆ, ಏನನ್ನೂ ಕಳೆದುಕೊಳ್ಳದೆ ಹಿಂದೆಗೆಯಬಹುದು. ಆ ಬಳಿಕ ಹಿಂದೆಗೆದರೆ ಇಟ್ಟ ಠೇವಣಿಗೆ ಅಪಾಯವುಂಟು. ಸಾಲ ಮಂಜೂರಾಗದಿದ್ದಲ್ಲಿ ಅಥವಾ ಕಟ್ಟಡದ ಅನುಮತಿ ದೊರೆಯದಿದ್ದಲ್ಲಿ ಕರಾರು ರದ್ದಾಗುವುದೆಂಬ ಷರತ್ತುಗಳನ್ನು ಅದರಲ್ಲಿಯೇ ಬರೆಯಿಸಬಹುದು. ಬರೆಯಿಸದೆ ಸಹಿ ಮಾಡುವುದು ಜಾಣತನವಲ್ಲ.

ಮಾರುವವನು ಕೆಲವು ತಪಾಸಣೆಯ ವರದಿಗಳನ್ನು ತನ್ನ ಖರ್ಚಿನಿಂದಲೇ ಒದಗಿಸಬೇಕೆಂದು ಅಲ್ಲಿಯ ಕಾನೂನು. 1949ಕ್ಕೆ ಹಿಂದೆ ಕಟ್ಟಿದ ಮನೆಯಾದರೆ ಬಣ್ಣದಲ್ಲಿ ಸೀಸವಿದೆಯೇ, ವಿದ್ಯುತ್ತಿನ ತಂತಿಗಳು 15 ವರ್ಷಕ್ಕಿಂತ ಹಳೆಯವಾದರೆ ಅವುಗಳ ಸ್ಥಿತಿಯೇನು, ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡಲು ಎಷ್ಟು ಇಂಧನ ಬೇಕು, ಇವೆಲ್ಲ ಆ ವರದಿಗಳಲ್ಲಿರುತ್ತವೆ. ಇವುಗಳಲ್ಲಿ ನಮ್ಮವರು ಹಗುರವಾಗಿ ಕಾಣುವುದು ಸೆಪ್ಟಿಕ್ ಟ್ಯಾಂಕಿನ ವರದಿಯನ್ನು. ಊರಿನ ಒಳಚರಂಡಿ ತಲುಪದ ಮನೆಗಳ ಟ್ಯಾಂಕನ್ನು ಗ್ರಾಮಾಡಳಿತದ ಒಂದು ಶಾಖೆಯು ಪರೀಕ್ಷಿಸುತ್ತದೆ. ಅದು ನಿಯಮಕ್ಕೆ ಸರಿಯಾಗಿಲ್ಲವೆಂದು ಬರೆದಿದ್ದರೆ, ಕೊಂಡವನು ಕ್ರಯವಾದ ಒಂದು ವರ್ಷದೊಳಗೆ ಅದನ್ನು ಸರಿಪಡಿಸಲೇಬೇಕು. ನಮ್ಮ ಪತ್ರಲೇಖಕರ ಮಗಳು ಕೊಳ್ಳಲಿರುವ ಮನೆಯ ವರದಿಯಲ್ಲಿ ಹೀಗೆಯೇ ಬರೆದಿದೆಯಂತೆ. ಆದರೆ ಇಬ್ಬರು ಗುತ್ತಿಗೆದಾರರ ಅಂದಾಜಿನಲ್ಲಿಯೂ ಈ ಬಾಬು ಇಲ್ಲ! ಇದಕ್ಕೆ 10,000 ಯೂರೋಗಳನ್ನು ಪ್ರತ್ಯೇಕವಾಗಿ ತೆಗೆದಿಡಬೇಕು.

ಎರಡು ಅಂದಾಜುಗಳ ಹೋಲಿಕೆ

ಅಲ್ಲಿ ಗುತ್ತಿಗೆದಾರನು ಕೊಡುವ ಅಂದಾಜು ಪತ್ರಕ್ಕೆ 'ದೆವಿ' ಎಂದು ಹೆಸರು. ನಮ್ಮ ಮೇಸ್ತ್ರಿಯು ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುವ ಲೆಕ್ಕದಂತೆ ಅದು ಬಾಯಿಮಾತಿನ ವಿಷಯವಲ್ಲ. ಎರಡು ಕಡೆಯವರೂ ಸಹಿ ಹಾಕಿದ ಕೂಡಲೇ ಅದು ಕರಾರಾಗುತ್ತದೆ. ಇಬ್ಬರೂ ಅದಕ್ಕೆ ಬದ್ಧರು. ಆದುದರಿಂದ ಅದರಲ್ಲಿ ಬರೆದಿರುವುದಕ್ಕಿಂತಲೂ ಬರೆಯದೆ ಬಿಟ್ಟಿರುವುದನ್ನು ಹೆಚ್ಚು ಎಚ್ಚರದಿಂದ ಓದಬೇಕು.

82,000ದ ಅಂದಾಜಿನ ಪ್ರತಿಯನ್ನು ಪತ್ರದೊಂದಿಗೆ ಕಳುಹಿಸಿದ್ದಾರೆ. ಮೊತ್ತದ ಪಕ್ಕದಲ್ಲಿ 'ಎಚ್.ಟಿ.' ಎಂಬ ಎರಡು ಸಣ್ಣ ಅಕ್ಷರಗಳಿವೆ. ಅವುಗಳ ಅರ್ಥ 'ತೆರಿಗೆ ಬಿಟ್ಟು' ಎಂದು. ಎರಡು ವರ್ಷಕ್ಕಿಂತ ಹಳೆಯದಾದ ವಾಸದ ಮನೆಯ ದುರಸ್ತಿಗೆ ತೆರಿಗೆಯು ಸಾಮಾನ್ಯವಾಗಿ ಶೇಕಡ 10; ಹೊಸ ಕಟ್ಟಡಕ್ಕಾದರೆ ಶೇಕಡ 20. ಹತ್ತರಂತೆ ಸೇರಿಸಿದರೆ 8,200 ಏರಿ 90,200 ಆಗುತ್ತದೆ. ಸಾರುವೆಯ ಬಾಡಿಗೆಯೂ ಒಡೆದ ಕಲ್ಲುಮಣ್ಣನ್ನು ಸಾಗಿಸುವ ಖರ್ಚೂ ಬೇರೆಯೆಂದು ಕೊನೆಯ ಪುಟದಲ್ಲಿದೆ. ತೆರಿಗೆ ಸೇರಿ ಅದು 5,500. ಒಟ್ಟು 95,700 ಆಯಿತು. ಎರಡನೆಯವನ 1,04,000 ಮಾತ್ರ 'ಟಿ.ಟಿ.ಸಿ.', ಅಂದರೆ ತೆರಿಗೆಯೂ ಸಾರುವೆಯೂ ಸಾಗಣೆಯೂ ಒಳಗೊಂಡದ್ದು. 22,000ದ ಅಂತರವೆಂದು ಕಂಡದ್ದು ನಿಜವಾಗಿ 8,300 ಮಾತ್ರ.

ಆ 8,300ಕ್ಕೂ ಕಾರಣವುಂಟು. ಮೊದಲನೆಯವನು ಹೊರಗೋಡೆಗಳಿಗೆ ಸಿಮೆಂಟಿನ ಗಿಲಾವನ್ನೂ, ಎರಡನೆಯವನು ಸುಣ್ಣದ ಗಾರೆಯನ್ನೂ ಬರೆದಿದ್ದಾರೆ. ಆ ಕಡೆಯ ಹಳೆಯ ಗೋಡೆಗಳು 50-60 ಸೆಂಟಿಮೀಟರು ದಪ್ಪವಾಗಿದ್ದು, ಕಲ್ಲುಗಳನ್ನು ಮಣ್ಣು ಇಲ್ಲವೆ ಸುಣ್ಣದಲ್ಲಿ ಕೂರಿಸಿ ಕಟ್ಟಿದವು. ನೆಲದಿಂದ ಏರುವ ತೇವವು ಸುಣ್ಣದ ಮೂಲಕ ಹೊರಬಿದ್ದು ಒಣಗುತ್ತದೆ. ಮೇಲೆ ಸಿಮೆಂಟನ್ನು ಮೆತ್ತಿದರೆ ಆ ತೇವಕ್ಕೆ ದಾರಿ ಕಟ್ಟುತ್ತದೆ. ಗೋಡೆಯ ಒಳಭಾಗವು ಒದ್ದೆಯಾಗಿಯೇ ಉಳಿದು, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗುವಾಗ ಗಿಲಾವೂ ಕಲ್ಲಿನ ಮುಖವೂ ಕಳಚಿ ಬೀಳುತ್ತವೆ. ಅಜ್ಜನ ಕಾಲದ ಗಾರೆಯ ಮನೆಗೆ ಸಿಮೆಂಟು ಬಳಿಯಿಸಿ ಪಶ್ಚಾತ್ತಾಪಪಟ್ಟವರು ನಮ್ಮ ವಾಚಕರಲ್ಲಿಯೂ ಇದ್ದಾರು. ಇಲ್ಲಿ ಅಗ್ಗದ ಕೆಲಸವು ನಿಜಕ್ಕೂ ದುಬಾರಿಯಾದದ್ದು.

ಹತ್ತು ವರ್ಷದ ಹೊಣೆ

ಗುತ್ತಿಗೆದಾರನನ್ನು ಗೊತ್ತುಮಾಡುವಾಗ ಆತನ ನಗುಮುಖವನ್ನಲ್ಲ, ಕಾಗದಗಳನ್ನು ನೋಡಬೇಕು. ಆ ದೇಶದ ಪ್ರತಿಯೊಂದು ವ್ಯಾಪಾರಸ್ಥಳಕ್ಕೂ 14 ಅಂಕಿಗಳ ನೋಂದಣಿ ಸಂಖ್ಯೆಯುಂಟು. ಅದು ಜಾರಿಯಲ್ಲಿದೆಯೇ ಎಂಬುದನ್ನು ಯಾರಾದರೂ ಪರಿಶೀಲಿಸಬಹುದು. ಅದಕ್ಕಿಂತಲೂ ಮುಖ್ಯವಾದುದು 'ದೆಸೆನಾಲ್' ಎಂಬ ಹತ್ತು ವರ್ಷದ ವಿಮೆ. ಕಟ್ಟಡವು ಹತ್ತು ವರ್ಷದೊಳಗೆ ಕೆಟ್ಟರೆ ಕಟ್ಟಿದವನೇ ಹೊಣೆಯೆಂಬ ವಿಧಿಯು ನೆಪೋಲಿಯನ್ನನ ಕಾಲದ 1804ರ ಸಿವಿಲ್ ಸಂಹಿತೆಯಲ್ಲಿಯೇ ಇತ್ತು. ಆದರೆ ಹೊಣೆಗಾರನು ದಿವಾಳಿಯಾದರೆ ಯಾರನ್ನು ಕೇಳುವುದು? ಆದುದರಿಂದ 1978ರ ಕಾನೂನು ಆ ಹೊಣೆಗೆ ವಿಮೆಯನ್ನು ಕಡ್ಡಾಯಮಾಡಿತು.

ವಿಮಾಪತ್ರದಲ್ಲಿ ಎರಡು ಅಂಶಗಳನ್ನು ನೋಡತಕ್ಕದ್ದು. ಕೆಲಸ ಪ್ರಾರಂಭವಾಗುವ ದಿನ ಅದು ಜಾರಿಯಲ್ಲಿರಬೇಕು. ಮತ್ತು ಮಾಡಿಸುವ ಕೆಲಸದ ಹೆಸರು ಅದರಲ್ಲಿರಬೇಕು. ಮಾಡಿನ ಕೆಲಸಕ್ಕೆಂದು ಪಡೆದ ವಿಮೆಯು ಗೋಡೆಯ ಕೆಲಸಕ್ಕೆ ಒದಗುವುದಿಲ್ಲ. ನಮ್ಮ ಪತ್ರಲೇಖಕರ ಅಳಿಯಂದಿರು ಕೇಳಿದಾಗ ಮೊದಲನೆಯ ಗುತ್ತಿಗೆದಾರನು 'ನಾಳೆ ತರುವೆ' ಎಂದು ಮೂರು ವಾರಗಳಾಗಿವೆಯಂತೆ. ಈ 'ನಾಳೆ'ಯ ಅರ್ಥವು ಎಲ್ಲ ದೇಶಗಳಲ್ಲಿಯೂ ಒಂದೇ. ಮನೆಯ ಯಜಮಾನರೂ ಕೆಲಸ ಪ್ರಾರಂಭವಾಗುವ ಮುನ್ನ ತಮ್ಮ ಕಡೆಯಿಂದ ಒಂದು ವಿಮೆಯನ್ನು ಪಡೆಯಬೇಕೆಂದು ಅದೇ ಕಾನೂನು ಹೇಳುತ್ತದೆ. ದೊಡ್ಡ ದೋಷವೇನಾದರೂ ಕಂಡುಬಂದಲ್ಲಿ, ತಪ್ಪು ಯಾರದೆಂದು ನ್ಯಾಯಾಲಯವು ತೀರ್ಮಾನಿಸುವ ತನಕ ಕಾಯದೆ, ಈ ವಿಮೆಯು ದುರಸ್ತಿಯ ಹಣವನ್ನು ಕೊಡುತ್ತದೆ.

ಕಿಟಕಿಯ ಸ್ಥಳ ಬದಲಿಸುವುದು, ಮಾಡಿಗೆ ಬೆಳಕಿನ ಕಿಂಡಿ ಇಡುವುದು ಮುಂತಾದವಕ್ಕೆ ಗ್ರಾಮದ ಕಚೇರಿಗೆ ಮುಂಚಿತವಾಗಿ ತಿಳಿಸಬೇಕು. ಅದಕ್ಕೆ ಸಾಮಾನ್ಯವಾಗಿ ಒಂದು ತಿಂಗಳು; ಸಮೀಪದಲ್ಲಿ ಸಂರಕ್ಷಿತವಾದ ಹಳೆಯ ಇಗರ್ಜಿ ಅಥವಾ ಕೋಟೆಯಿದ್ದರೆ ಇನ್ನೂ ಒಂದು ತಿಂಗಳು. ಆಗಸ್ಟ್ ತಿಂಗಳಲ್ಲಿ ಕೆಲಸಗಾರರು ಬಹುಮಟ್ಟಿಗೆ ರಜೆಯಲ್ಲಿರುವರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಣ ಕೊಡುವ ಕ್ರಮ

ಅರ್ಧ ಹಣವನ್ನು ಮುಂಗಡ ಕೊಟ್ಟವನು ತನ್ನ ಮಾತಿನ ಬೆಲೆಯನ್ನೂ ಅರ್ಧ ಕಳೆದುಕೊಂಡಂತೆಯೇ. ಹೊಸ ಮನೆಯನ್ನು ಒಟ್ಟು ಗುತ್ತಿಗೆಗೆ ಕೊಡುವವರ ರಕ್ಷಣೆಗಾಗಿ ಫ್ರಾನ್ಸಿನಲ್ಲಿ 1990ರಲ್ಲಿ ಒಂದು ಕಾನೂನಾಯಿತು. ಅದರ ಪ್ರಕಾರ ಕೆಲಸ ಪ್ರಾರಂಭವಾದಾಗ ಕೊಟ್ಟ ಹಣವು ಒಟ್ಟಿನ ಶೇಕಡ 15ನ್ನು ಮೀರಬಾರದು. ಅಡಿಪಾಯ ಮುಗಿದಾಗ 25, ಗೋಡೆ ನಿಂತಾಗ 40, ಮಾಡು ಮುಚ್ಚಿದಾಗ 60, ಒಳಗೋಡೆಗಳೂ ಬಾಗಿಲು ಕಿಟಕಿಗಳೂ ಆದಾಗ 75, ನಲ್ಲಿ ಮರಗೆಲಸಗಳೆಲ್ಲ ಮುಗಿದಾಗ 95. ಕೊನೆಯ 5ನ್ನು ಮನೆಯನ್ನು ಒಪ್ಪಿಸಿಕೊಳ್ಳುವಾಗ ಕೊಡುವುದು. ಹಳೆಯ ಮನೆಯ ದುರಸ್ತಿಗೆ ಈ ಕಾನೂನು ಹಾಗೆಯೇ ಅನ್ವಯಿಸದಿದ್ದರೂ, ಒಳ್ಳೆಯ ಅಳತೆಗೋಲಾಗಿ ಬಳಸಬಹುದು. ದುರಸ್ತಿಯಲ್ಲಿಯೂ ಶೇಕಡ 5ನ್ನು ಒಂದು ವರ್ಷದವರೆಗೆ ತಡೆಹಿಡಿಯುವುದಕ್ಕೆ 1971ರ ಕಾನೂನು ಎಡೆಗೊಟ್ಟಿದೆ. ಆದರೆ ಹಾಗೆಂದು ಕರಾರಿನಲ್ಲಿ ಮೊದಲೇ ಬರೆದಿರಬೇಕು.

ಕೆಲಸ ಮುಗಿದ ದಿನ ಯಜಮಾನರೂ ಗುತ್ತಿಗೆದಾರನೂ ಕೂಡಿ ಮನೆಯನ್ನೆಲ್ಲ ನೋಡಿ, ಕಂಡ ಕುಂದುಗಳನ್ನು ಬರೆದು ಸಹಿ ಮಾಡುವ ಪದ್ಧತಿಯುಂಟು. ಆ ತಾರೀಖಿನಿಂದಲೇ ಕುಂದುಗಳನ್ನು ಸರಿಪಡಿಸುವ ಒಂದು ವರ್ಷದ, ನಲ್ಲಿ ಮುಂತಾದ ಉಪಕರಣಗಳ ಎರಡು ವರ್ಷದ, ಕಟ್ಟಡದ ಹತ್ತು ವರ್ಷದ ಹೊಣೆಗಳು ಪ್ರಾರಂಭವಾಗುವುವು. ದಾಕ್ಷಿಣ್ಯಕ್ಕೆ ಸಿಕ್ಕಿ ಕಂಡ ಕುಂದನ್ನು ಬರೆಯದೆ ಬಿಡುವುದು ಬೇಡ.

ನಮ್ಮ ಲೆಕ್ಕ, ನಮ್ಮ ಉತ್ತರ

ಈಗ ಕೂಡಿಸಿ ನೋಡೋಣ. ಮನೆಗೆ 75,600, ಎರಡನೆಯವನ ಅಂದಾಜು 1,04,000, ಹಳೆಯ ಮನೆಯ ಗೋಡೆ ಬಗೆದಾಗ ಏನು ಕಾಣುವುದೋ ಬಲ್ಲವರಿಲ್ಲವಾದುದರಿಂದ ಅದರ ಮೇಲೆ ಶೇಕಡ 15 ಆಪದ್ಧನವೆಂದು 15,600, ಸೆಪ್ಟಿಕ್ ಟ್ಯಾಂಕಿಗೆ 10,000. ಒಟ್ಟು 2,05,200. ಕೈಯಲ್ಲಿರುವುದಕ್ಕಿಂತ 25,200 ಹೆಚ್ಚು. ತಂದೆಯವರ ಭಯವು ಸುಳ್ಳಲ್ಲ.

ಆದರೆ ಎರಡನೆಯವನು ಪ್ರತಿಯೊಂದು ಬಾಬನ್ನೂ ಬಿಡಿಬಿಡಿಯಾಗಿ ಬರೆದಿರುವುದರಿಂದ ಒಂದು ದಾರಿ ಕಾಣುತ್ತದೆ. ಅಟ್ಟದ ಎರಡು ಕೋಣೆಗಳಿಗೂ ಎರಡನೆಯ ಬಚ್ಚಲುಮನೆಗೂ ಸೇರಿ 28,000 ಇದೆ. ಗಂಡ, ಹೆಂಡತಿ, ಒಂದು ಮಗು ಇರುವ ಸಂಸಾರಕ್ಕೆ ಇವು ಈ ವರ್ಷವೇ ಬೇಕೆ? ಇವನ್ನು ಮುಂದಕ್ಕೆ ಹಾಕಿದರೆ ಕೆಲಸವು 76,000ಕ್ಕೆ ಇಳಿಯುತ್ತದೆ. ಆಪದ್ಧನ 11,400, ಟ್ಯಾಂಕು 10,000, ಮನೆ 75,600. ಒಟ್ಟು 1,73,000. ವಿಮೆ ಮೊದಲಾದ ಚಿಲ್ಲರೆ ಖರ್ಚಿಗೆ 7,000 ಉಳಿಯಿತು. ಹೀಗೆ ಕಡಮೆಮಾಡಿದ ಕೆಲಸಕ್ಕೆ ಹೊಸ ಅಂದಾಜು ಪತ್ರವನ್ನೇ ಬರೆಯಿಸಿಕೊಳ್ಳಬೇಕು. ಹಳೆಯದರ ಮೇಲೆ ಗೀಟು ಹಾಕಿದರೆ ಸಾಲದು.

ಮುಂದಕ್ಕೆ ಹಾಕುವಾಗಲೂ ದೂರದೃಷ್ಟಿ ಬೇಕು. ಅಟ್ಟದ ಬೆಳಕಿನ ಕಿಂಡಿಗಳನ್ನು ಮಾಡು ಬಿಚ್ಚಿರುವಾಗಲೇ ಇಡಿಸಬೇಕು. ಇಲ್ಲವಾದರೆ ಸಾರುವೆಗೆ ಎರಡು ಸಲ ಬಾಡಿಗೆ ತೆರಬೇಕಾದೀತು. ಅದರ ಖರ್ಚು ಎಷ್ಟೆಂದು ಕೇಳಿ, ಉಳಿದ 7,000ದಲ್ಲಿ ಅಡಗುವಂತೆ ನೋಡಿಕೊಳ್ಳಬೇಕು. ಬಚ್ಚಲಿನ ಕೊಳವೆಗಳನ್ನು ಗೋಡೆಯವರೆಗೆ ಎಳೆಯಿಸಿ ಬಾಯಿ ಮುಚ್ಚಿಸಿಡುವುದು ಲೇಸು. ಸೆಪ್ಟಿಕ್ ಟ್ಯಾಂಕಿನ ಗಾತ್ರವನ್ನು ಅಲ್ಲಿ ಮನೆಯ ಕೋಣೆಗಳ ಸಂಖ್ಯೆಯಿಂದ ನಿರ್ಣಯಿಸುವರಾದುದರಿಂದ, ಮುಂದೆ ಆಗುವ ಕೋಣೆಗಳನ್ನೂ ಈಗಲೇ ಎಣಿಸಿ ಹೇಳಬೇಕು. ಗುಂಡಿಯನ್ನು ಮುಚ್ಚುವ ಮೊದಲು ಅಧಿಕಾರಿಗಳಿಂದ ತಪಾಸಣೆ ಮಾಡಿಸುವುದನ್ನು ಮರೆಯಬಾರದು.

ಆದುದರಿಂದ ಪತ್ರ ಬರೆದ ಮಹಾಶಯರಿಗೆ ನಮ್ಮ ಉತ್ತರವಿದು: ತೋಟವನ್ನು ಮಾರಬೇಡಿರಿ. ಭಾರತದಲ್ಲಿ ನೆಲೆಸಿರುವವರು ವರ್ಷಕ್ಕೆ 2,50,000 ಡಾಲರುಗಳವರೆಗೆ ಬ್ಯಾಂಕಿನ ಮೂಲಕ ಹೊರದೇಶಕ್ಕೆ ಕಳುಹಿಸಲು ರಿಸರ್ವ್ ಬ್ಯಾಂಕಿನ ನಿಯಮವು ಅವಕಾಶ ಕೊಟ್ಟಿದೆಯೆಂಬುದು ನಿಜ. ಕಳುಹಿಸಲು ದಾರಿಯಿದೆಯೆಂಬುದರಿಂದಲೇ ಕಳುಹಿಸಬೇಕೆಂದಾಗುವುದಿಲ್ಲ. ಮಗಳ ಮನೆಯಲ್ಲಿ ಮುಪ್ಪಿನ ಕಾಲವನ್ನು ಕಳೆಯುವ ಆಲೋಚನೆಯಿದ್ದರೂ, ಅಲ್ಲಿಗೆ ನಂಟರಾಗಿ ಹೋಗುವವರು 180 ದಿವಸಗಳಲ್ಲಿ 90ಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಆ ಕಲ್ಲಿನ ಮನೆಯಿಂದ ಈ ನಿಯಮವು ಸಡಿಲವಾಗದು. ನಿಮ್ಮ ಮುಪ್ಪಿಗೆ ಆಸರೆಯಾದುದು ಆ ತೋಟವೇ.

ಚಿ. ಸೌ. ಮಗಳಿಗೂ ಅಳಿಯಂದಿರಿಗೂ ಹೇಳತಕ್ಕದ್ದು ಇಷ್ಟು: ವಿಮಾಪತ್ರವಿಲ್ಲದವನಿಗೆ ಬೀಗದ ಕೈಯನ್ನು ಕೊಡಬೇಡಿ, ಸುಣ್ಣದ ಗೋಡೆಗೆ ಸುಣ್ಣವನ್ನೇ ಬಳಿಯಿಸಿ, ಹಣವು ಕೆಲಸದ ಹಿಂದೆ ನಡೆಯಲಿ, ಮುಂದೆ ಓಡದಿರಲಿ. ಅಟ್ಟದ ಕೋಣೆಗಳು ಎರಡು ವರ್ಷ ತಡವಾದರೆ ಯಾರಿಗೂ ನಷ್ಟವಿಲ್ಲ. ಗೃಹಪ್ರವೇಶದ ದಿನ ತಂದೆತಾಯಿಗಳು ತೋಟದ ಅಡಿಕೆಯನ್ನೇ ತಾಂಬೂಲಕ್ಕೆ ಒಯ್ಯುವಂತಾಗಲಿ ಎಂದು ಹಾರೈಸುತ್ತೇವೆ.