ನೂರು ರೂಪಾಯಿಗೆ ಗಿರಾಕಿ ಕಿವಿಗೆ ಹೂವು!

ದಾವಣಗೆರೆ ಬಸ್ ನಿಲ್ದಾಣದ ಆಸುಪಾಸು ಸಂಜೆ ಹೊತ್ತು ಒಂದು ವ್ಯಾಪಾರ ಭರ್ಜರಿ. ಮೊಳೆಗೆ ನೇತುಹಾಕಿದ ಇಯರ್‌ಫೋನುಗಳು. ಮೈಕೂ ಇದೆ, ಒತ್ತುವ ಗುಂಡಿಯೂ ಇದೆ. ಡಬ್ಬಿ ಮೇಲೆ 499, ಬಾಯಲ್ಲಿ ಬರೀ ನೂರು! ಹರಿಹರದ ಬಸ್ಸಿಗೆ ಓಡುವ ಹುಡುಗ ಚೌಕಾಶಿ ಮಾಡಿ, ಎಂಬತ್ತಕ್ಕೆ ಹೊಡೆದೆ ಅಂತ ಬೀಗುತ್ತಾ ಬಸ್ ಹತ್ತುತ್ತಾನೆ. ಹೊಡೆದವರು ಯಾರು ಅನ್ನೋದು ಮುಂದಿನ ವಾರ ಗೊತ್ತಾಗುತ್ತದೆ.

ಅಷ್ಟರಲ್ಲಿ ಒಂದು ಕಿವಿ ಬಂದ್. ಇಲ್ಲವೇ ಮೈಕು ಮೂಕ. ಮನೆಯಿಂದ ಫೋನ್ ಬಂದರೆ ಇಡೀ ಬಸ್ಸೇ ತಿರುಗಿ ನೋಡುವಂತೆ 'ಹಲೋ ಹಲೋ' ಎಂದು ಕಿರುಚಬೇಕು. ಅಂಗಡಿಗೆ ಹೋಗಿ ಕೇಳಿದರೆ ಸಿದ್ಧ ಉತ್ತರ: 'ನೂರು ರೂಪಾಯಿ ಮಾಲಿಗೆ ಗ್ಯಾರಂಟಿ ಎಲ್ಲೈತಪ್ಪಾ?'

ಇದು ಶೋಕಿಯ ಮಾತಲ್ಲ. ಬಸ್ಸಿನಲ್ಲಿ ಮೊಬೈಲ್ ಜೋರಾಗಿ ಹಚ್ಚಬಾರದೆಂದು ಕೆಎಸ್‌ಆರ್‌ಟಿಸಿ 2021ರಲ್ಲೇ ಆದೇಶ ಮಾಡಿದೆ. ಒಳ್ಳೆಯದೇ. ಆದರೆ ಆದೇಶ ಪಾಲಿಸಲು ಹೊರಟವನ ಜೇಬಿಗೇ ಕತ್ತರಿ ಬೀಳಬೇಕೇ? ತಿಂಗಳಿಗೊಂದು ಕೊಂಡರೂ ವರ್ಷಕ್ಕೆ 1200 ರೂಪಾಯಿ. ದಿನಗೂಲಿಯವನಿಗೆ ಇದು ಸಣ್ಣ ದುಡ್ಡಲ್ಲ.

ಅಂಗಡಿಯವರದೂ ಒಂದು ಗೋಳಿದೆ. ಸಗಟು ಮಾಲು ಬಿಲ್ಲಿಲ್ಲದೆ ಬಂದರೆ, ಕೆಟ್ಟದ್ದನ್ನು ಅವರು ಯಾರಿಗೆ ವಾಪಸ್ ಕೊಡಬೇಕು? ನಿಜ. ಆದರೆ ಬಿಲ್ಲಿಲ್ಲದ ಮಾಲು ತಂದವರು ಯಾರು? ಲಾಭ ತಮಗೆ, ನಷ್ಟ ಗಿರಾಕಿಗೆ ಅಂದರೆ ಯಾವ ಊರಿನ ನ್ಯಾಯ?

ಕಾನೂನು ಸ್ಪಷ್ಟವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಲ್ಲೆ ಎನ್ನುವುದೂ ಅನುಚಿತವೇ. ನೂರಕ್ಕೊಂದು ನ್ಯಾಯ, ಸಾವಿರಕ್ಕೊಂದು ನ್ಯಾಯ ಎಂದು ಅಲ್ಲಿ ಬರೆದಿಲ್ಲ. 1915ಕ್ಕೆ ಫೋನ್ ಮಾಡಿದರೆ ದೂರು ಬರೆದುಕೊಳ್ಳುತ್ತಾರೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ.

ಡಬ್ಬಿಯ ಮೇಲೆ ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ ಇರಲೇಬೇಕೆಂದು 2011ರ ನಿಯಮ ಹೇಳುತ್ತದೆ. ಎಷ್ಟು ಡಬ್ಬಿಗಳ ಮೇಲಿದೆ? ಕಾನೂನು ಮಾಪನಶಾಸ್ತ್ರ ಇಲಾಖೆಯವರು ತಕ್ಕಡಿಗೆ ಮುದ್ರೆ ಒತ್ತಿ ಹೋಗುವ ಮುಂಚೆ ಈ ಡಬ್ಬಿಗಳನ್ನೂ ಒಮ್ಮೆ ತಿರುವಿ ನೋಡಬಾರದೇ?

ಗಿರಾಕಿಯೂ ಕಣ್ಣು ಬಿಡಬೇಕು. ದುಂಡು ಪಿನ್ನಿನ ಮೇಲೆ ಮೂರು ಗೆರೆ ಇದ್ದರೆ ಮೈಕಿಗೆ ದಾರಿ ಇದೆ. ಎರಡೇ ಇದ್ದರೆ ಹಾಡು ಕೇಳಲಷ್ಟೇ. ಹೊಸ ಫೋನು ಹಲವಕ್ಕೆ ದುಂಡು ತೂತೇ ಇಲ್ಲ, ಟೈಪ್-ಸಿ ಬೇಕು. ಅದರಲ್ಲೂ ಎಲ್ಲ ಪಿನ್ನು ಎಲ್ಲ ಫೋನಿಗೂ ಒಗ್ಗುವುದಿಲ್ಲ. ಒಂದು ಕಂಪನಿ ಫೋನಿಗೆ ಕೆಲಸ ಮಾಡಿದ ವಾಲ್ಯೂಮ್ ಗುಂಡಿ ಇನ್ನೊಂದಕ್ಕೆ ಮಾಡದೆಯೂ ಇರಬಹುದು. ಆದ್ದರಿಂದ ಅಂಗಡಿಯಲ್ಲೇ ಸ್ವಂತ ಫೋನಿಗೆ ಸಿಕ್ಕಿಸಿ ಒಂದು ಕಾಲ್ ಮಾಡಿ ನೋಡಬೇಕು. ಎರಡೂ ಕಿವಿ, ಮೈಕು, ಗುಂಡಿ ಸರಿಯಿದ್ದರೆ ದುಡ್ಡು. ದುಡ್ಡು ಕೊಟ್ಟರೆ ಬಿಲ್.

'ನೂರು ರೂಪಾಯಿಗೆ ಯಾರು ದೂರು ಕೊಡ್ತಾರೆ ಬಿಡ್ರಿ' ಎನ್ನುವ ಮಾತಿನ ಮೇಲೇ ಈ ದಂಧೆ ನಿಂತಿದೆ. ತಾರೀಖು ಹಾಕಿ, ಚೀಟಿ ಬರೆದು, 'ಕೆಟ್ಟರೆ ತಗೊಂಡ್ ಬಾ ತಮ್ಮಾ' ಅನ್ನುವ ಅಂಗಡಿಗೆ ಹತ್ತು ರೂಪಾಯಿ ಹೆಚ್ಚಾದರೂ ಜನ ಹೋಗುತ್ತಾರೆ. ಬಜಾರಿನಲ್ಲಿ ಹೆಸರು ಉಳಿಯುವುದೂ ಹಾಗೆಯೇ.

ಗಿರಾಕಿಗಳೇ, ಕಿವಿಗೆ ತಂತಿ ಸಾಕು. ಹೂವು ಬೇಡ!