ಬಿಟ್ಟ ಹಾಡುಗಳಿಗೂ ಒಂದು ಮನೆ ಬೇಕು

ಸಂಗೀತಗಾರರ ಸಂಕಲನಗಳೆಂದರೆ ಕಂಪೆನಿಗಳು ಉಗ್ರಾಣ ಖಾಲಿ ಮಾಡುವ ವ್ಯಾಪಾರ ಎಂಬ ಭಾವನೆ ರಸಿಕರಲ್ಲಿದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಎಲ್ಲ ಸಂಕಲನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದಕ್ಕೆ ಬ್ರಿಟನ್ನಿನ ಗಿಟಾರ್ ವಾದಕ, ಗೀತರಚನಕಾರ ರಾಬಿನ್ ಹಿಚ್‌ಕಾಕ್ ಅವರ ‘ಇನ್‌ವಿಸಿಬಲ್ ಹಿಚ್‌ಕಾಕ್’ (1986) ನಿದರ್ಶನ.

1953ರಲ್ಲಿ ಲಂಡನ್ನಿನಲ್ಲಿ ಜನಿಸಿದ ಹಿಚ್‌ಕಾಕ್, 1976ರಲ್ಲಿ ಕೇಂಬ್ರಿಜ್‌ನಲ್ಲಿ ‘ಸಾಫ್ಟ್ ಬಾಯ್ಸ್’ ತಂಡ ಕಟ್ಟಿದರು. ಪಂಕ್ ಸಂಗೀತದ ಅಬ್ಬರ ಏರುತ್ತಿದ್ದ ಕಾಲವದು. ಅವರಾದರೋ ಅದೇ ಊರಿನ ಸಿಡ್ ಬ್ಯಾರೆಟ್‌ರಂಥವರು 1960ರ ದಶಕದಲ್ಲಿ ತೆರೆದ ಸೈಕೆಡೆಲಿಕ್ ದಾರಿಯನ್ನು ಹಿಡಿದರು. ತಂಡದ ‘ಅಂಡರ್‌ವಾಟರ್ ಮೂನ್‌ಲೈಟ್’ (1980) ಬಂದಾಗ ಕೊಂಡವರು ಕಡಿಮೆ. ಮುಂದೆ ಅಮೆರಿಕದ ಆರ್.ಇ.ಎಂ. ತಂಡದ ಪೀಟರ್ ಬಕ್ ಅವರಂಥ ಕಲಾವಿದರು ಅದರ ಅಭಿಮಾನಿಗಳಾದರು.

‘ಇನ್‌ವಿಸಿಬಲ್ ಹಿಚ್‌ಕಾಕ್’ನಲ್ಲಿರುವುದು 1980ರಿಂದ 1986ರವರೆಗಿನ, ಆಲ್ಬಮ್‌ಗಳಿಂದ ಹೊರಗುಳಿದ ಹಾಡುಗಳು ಮತ್ತು ಕರಡು ಧ್ವನಿಮುದ್ರಣಗಳು. ಹೊರಗುಳಿದದ್ದೆಲ್ಲ ಜೊಳ್ಳಲ್ಲ. ಕಲಾವಿದನ ವಿವೇಕ ಅವನು ಉಳಿಸಿಕೊಂಡದ್ದರಲ್ಲಿ ಕಾಣುವಷ್ಟೇ ಕೈಬಿಟ್ಟದ್ದರಲ್ಲಿಯೂ ಕಾಣುತ್ತದೆ.

ಆ ವಿವೇಕ ಬದಲಾಗಬಲ್ಲದು ಕೂಡ. ಸ್ಟೀವ್ ಹಿಲೇಜ್ ನಿರ್ಮಿಸಿದ ‘ಗ್ರೂವಿ ಡಿಕೇ’ (1982) ಹಿಚ್‌ಕಾಕ್ ಅವರಿಗೆ ತೃಪ್ತಿ ತರಲಿಲ್ಲ. ಕೆಲವು ವರ್ಷಗಳ ಬಳಿಕ ಅದರ ಹಲವು ಹಾಡುಗಳ ಜಾಗಕ್ಕೆ ಕರಡು ಮುದ್ರಣಗಳನ್ನೇ ತಂದಿರಿಸಿ, ‘ಗ್ರೂವಿ ಡಿಕಾಯ್’ ಎಂಬ ಹೆಸರಿನಲ್ಲಿ ಮತ್ತೆ ಹೊರತಂದರು. 1995ರ ‘ಗ್ರೇವಿ ಡೆಕೊ’ ಎರಡನ್ನೂ ಒಟ್ಟುಗೂಡಿಸಿತು. ಕಲಾವಿದನ ಎರಡು ತೀರ್ಪುಗಳನ್ನು ಎದುರುಬದುರಾಗಿಟ್ಟು ಕೇಳುವ ಅವಕಾಶ ಶ್ರೋತೃವಿಗೆ ಹೀಗೆ ದೊರೆಯಿತು.

ಇಂದು ಹಳೆಯ ಆಲ್ಬಮ್‌ಗಳ ಮರುಬಿಡುಗಡೆಯಲ್ಲಿ ಉಳಿಕೆಯ ಹಾಡುಗಳನ್ನು ಮೂಲಕೃತಿಯ ಬಾಲಕ್ಕೆ ಕಟ್ಟುವುದು ವಾಡಿಕೆಯಾಗಿದೆ. ಮೊಬೈಲಿನಲ್ಲಿ ಕೇಳುವವನಿಗೆ ಕೊನೆಯ ಹಾಡಿನ ನಂತರ ತಡೆಯಿಲ್ಲದೆ ಮುಂದಿನದು ಮೊದಲಾಗುತ್ತದೆ. ಕೃತಿ ಎಲ್ಲಿ ಮುಗಿಯಿತೆಂಬುದು ತಿಳಿಯುವುದಿಲ್ಲ. ಹೆಚ್ಚು ಹಾಡು ಸಿಕ್ಕಿತೆಂಬ ಸಂತೋಷದಲ್ಲಿ ಕಲಾವಿದ ಎಳೆದ ಗೆರೆಯೇ ಅಳಿಸಿಹೋಗುತ್ತದೆ.

ಎಲ್ಲವೂ ಲಭ್ಯವಿರುವುದು ತಪ್ಪಲ್ಲ. ಬ್ಯಾರೆಟ್ ಅವರ ಉಳಿಕೆಯ ಧ್ವನಿಮುದ್ರಣಗಳ ಸಂಕಲನ ‘ಓಪಲ್’ 1988ರಲ್ಲಿ ಬಾರದಿದ್ದರೆ ನಷ್ಟ ನಮ್ಮದೇ ಆಗುತ್ತಿತ್ತು. ನಮ್ಮ ಬೇಡಿಕೆ ಇಷ್ಟೇ: ಬಿಟ್ಟ ಹಾಡುಗಳನ್ನು ಬಚ್ಚಿಡುವುದೂ ಬೇಡ, ಮೂಲಕೃತಿಯೊಳಗೆ ಬೆರೆಸುವುದೂ ಬೇಡ. ಪ್ರತ್ಯೇಕ ಹೆಸರು ಕೊಟ್ಟು, ಪ್ರತ್ಯೇಕ ಆಲ್ಬಮ್ಮಾಗಿ ಪ್ರಕಟಿಸಲಿ. ನಾಲ್ಕು ದಶಕಗಳ ಹಿಂದೆ ‘ಇನ್‌ವಿಸಿಬಲ್ ಹಿಚ್‌ಕಾಕ್’ ಮಾಡಿದ್ದು ಅದನ್ನೇ.