ಹತ್ತು ಭಟ್ಟರು, ಒಂದು ದೋಸೆ

ಪಿಯುಸಿ ಮುಗಿದು ಕಾಲೇಜು ಸೇರುವ ದಿನಗಳು ಹತ್ತಿರವಾದಂತೆ ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ಏಳುತ್ತದೆ. ಮಗನಿಗೋ ಮಗಳಿಗೋ ಕಂಪ್ಯೂಟರ್ ಬೇಕು. ಓದಿಗೆ ಎಂಬುದು ಮೊದಲ ಮಾತು. ಆಟಕ್ಕೂ ಆಗುತ್ತದೆ ಎಂಬುದು ತಡವಾಗಿ ಬರುವ ಎರಡನೆಯ ಮಾತು. ಅಪ್ಪ ಚೀಟಿ ಎತ್ತಿ ಹಣ ಹೊಂದಿಸಿರುತ್ತಾರೆ. ಎಸ್.ಪಿ. ರಸ್ತೆಗೆ ಹೋದರೆ ಒಂದು ಅಂಗಡಿಯಲ್ಲಿ "ಹದಿನಾರು ಕೋರ್ ಇದೆ ಸಾರ್" ಎನ್ನುತ್ತಾರೆ. ಪಕ್ಕದ ಅಂಗಡಿಯಲ್ಲಿ "ಕೋರ್ ಕಡಿಮೆ, ಆದರೆ ಐದು ಗಿಗಾಹರ್ಟ್ಸ್ ಓಡುತ್ತೆ" ಎನ್ನುತ್ತಾರೆ. ಯಾರ ಮಾತು ಕೇಳಬೇಕು? ನೋಡಲು ಇದು ವ್ಯಾಪಾರದ ಪ್ರಶ್ನೆ. ಬಿಡಿಸಲು ಬೇಕಾದದ್ದು ಪ್ರೌಢಶಾಲೆಯ ಗಣಿತ ಮಾತ್ರ.

ಮೊದಲು ಪದಗಳ ಅರ್ಥ ನೋಡೋಣ. ಕೋರ್ ಎಂದರೆ ಪ್ರೊಸೆಸರ್ ಒಳಗಿರುವ, ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಒಬ್ಬ ಕೆಲಸಗಾರ. ಗಿಗಾಹರ್ಟ್ಸ್ ಎಂಬುದು ಆ ಕೆಲಸಗಾರನ ಕೈ ಎಷ್ಟು ಬೇಗ ಆಡುತ್ತದೆ ಎಂಬುದರ ಅಳತೆ. ಒಂದು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 100 ಕೋಟಿ ಮಿಡಿತ. ಐದು ಗಿಗಾಹರ್ಟ್ಸ್‌ನಲ್ಲಿ ಒಂದು ಮಿಡಿತದಿಂದ ಇನ್ನೊಂದಕ್ಕೆ ಸಿಗುವ ಅವಧಿಯಲ್ಲಿ ಬೆಳಕು ಕೂಡ ಸಾಗುವುದು ಕೇವಲ 6 ಸೆಂಟಿಮೀಟರ್.

ಈಗ ನಮ್ಮ ದರ್ಶಿನಿಯ ಅಡುಗೆಮನೆಗೆ ಬನ್ನಿ. ಹತ್ತು ಜನ ಗಿರಾಕಿಗಳು, ಹತ್ತು ಕಾವಲಿ, ಹತ್ತು ಜನ ಭಟ್ಟರು ಇದ್ದರೆ ಒಂದು ದೋಸೆಯ ಹೊತ್ತಿನಲ್ಲಿ ಹತ್ತು ದೋಸೆ ಸಿದ್ಧ. ಆದರೆ ಗಿರಾಕಿ ಒಬ್ಬನೇ ಆದರೆ? ಹತ್ತು ಭಟ್ಟರು ಸುತ್ತ ನಿಂತರೂ ಆ ಒಂದು ದೋಸೆ ಬೇಯುವುದು ತನ್ನ ಹೊತ್ತಿಗೇ. ಉರಿ ಜೋರು ಮಾಡಿದರೆ ಮಾತ್ರ ಸ್ವಲ್ಪ ಬೇಗ ಆದೀತು. ಅದಕ್ಕೂ ಮಿತಿಯಿದೆ, ಹೆಚ್ಚಾದರೆ ಸೀಯುತ್ತದೆ.

ಕಂಪ್ಯೂಟರ್ ಆಟ ಈ ಎರಡೂ ಬಗೆಯ ಕೆಲಸಗಳ ಮಿಶ್ರಣ. ತೆರೆಯ ಮೇಲೆ ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದೊಂದು ಚಿತ್ರಕ್ಕೂ ಸಿಗುವ ಕಾಲ ಸುಮಾರು 16 ಮಿಲಿಸೆಕೆಂಡ್. ಅಷ್ಟರಲ್ಲಿ ಆಟಗಾರ ಯಾವ ಗುಂಡಿ ಒತ್ತಿದ, ಪಾತ್ರ ಎಲ್ಲಿಗೆ ಸರಿಯಿತು, ಗುಂಡು ತಗುಲಿತೇ ಇಲ್ಲವೇ ಎಂದು ತೀರ್ಮಾನವಾಗಬೇಕು. ಪಾತ್ರ ಎಲ್ಲಿದೆ ಎಂದು ಗೊತ್ತಾಗದೆ ಗುಂಡು ತಗುಲಿತೇ ಎಂದು ಹೇಳಲಾಗದು. ಇಂಥ ಕೆಲಸಗಳು ಸಾಲಿನಲ್ಲೇ ನಡೆಯಬೇಕು. ಶಬ್ದ, ದೂರದ ಜನಸಂದಣಿ, ಮುಂದಿನ ದೃಶ್ಯವನ್ನು ತಂದಿಡುವುದು ಮೊದಲಾದವನ್ನು ಬೇರೆ ಬೇರೆ ಕೋರ್‌ಗಳಿಗೆ ಹಂಚಬಹುದು.

1967ರಲ್ಲಿ ಜೀನ್ ಆಮ್ಡಾಲ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು ಇದರ ಲೆಕ್ಕವನ್ನು ಮುಂದಿಟ್ಟರು. ಉದಾಹರಣೆಗೆ, ಒಂದು ಚಿತ್ರದ ಒಟ್ಟು ಕೆಲಸ ಒಂದು ಕೋರ್‌ಗೆ 16 ಮಿಲಿಸೆಕೆಂಡ್ ಎಂದುಕೊಳ್ಳೋಣ. ಅದರಲ್ಲಿ 8 ಸಾಲಿನಲ್ಲೇ ಆಗಬೇಕಾದದ್ದು, ಉಳಿದ 8 ಹಂಚಬಹುದಾದದ್ದು. 2 ಕೋರ್ ಇದ್ದರೆ 12 ಮಿಲಿಸೆಕೆಂಡ್, 4 ಇದ್ದರೆ 10, 8 ಇದ್ದರೆ 9, 16 ಇದ್ದರೆ 8.5. ಲಕ್ಷ ಕೋರ್ ಹಾಕಿದರೂ 8ಕ್ಕಿಂತ ಕೆಳಗೆ ಇಳಿಯದು. ಇನ್ನೊಂದು ದಾರಿ ನೋಡಿ: 4 ಕೋರ್‌ಗಳನ್ನೇ ಇಟ್ಟುಕೊಂಡು ಪ್ರತಿಯೊಂದರ ವೇಗವನ್ನು ಶೇ 25ರಷ್ಟು ಹೆಚ್ಚಿಸಿದರೆ 10 ಹೋಗಿ ನೇರವಾಗಿ 8 ಆಗುತ್ತದೆ! ಲಕ್ಷ ಕೋರ್ ಮಾಡಲಾಗದ ಕೆಲಸವನ್ನು ಕಾಲು ಭಾಗ ವೇಗ ಮಾಡಿತು.

ಹಾಗಾದರೆ ವೇಗವನ್ನೇ ಏರಿಸುತ್ತ ಹೋಗಬಾರದೇ? ದಶಕಗಳ ಕಾಲ ಹಾಗೆಯೇ ನಡೆಯಿತು. 1971ರ ಇಂಟೆಲ್ 4004 ಓಡುತ್ತಿದ್ದುದು 740 ಕಿಲೋಹರ್ಟ್ಸ್‌ನಲ್ಲಿ. 2004ರ ಪೆಂಟಿಯಮ್ 4 ಮುಟ್ಟಿದ್ದು 3.8 ಗಿಗಾಹರ್ಟ್ಸ್, ಐದು ಸಾವಿರ ಪಟ್ಟಿಗೂ ಹೆಚ್ಚು. ಅಲ್ಲಿಗೆ ಓಟ ನಿಂತಿತು. 4 ಗಿಗಾಹರ್ಟ್ಸ್ ಪೆಂಟಿಯಮ್ 4 ತರುವ ಯೋಜನೆಯನ್ನು ಅದೇ ವರ್ಷ ಇಂಟೆಲ್ ಕೈಬಿಟ್ಟಿತು. 2023ರಲ್ಲಿ 6 ಗಿಗಾಹರ್ಟ್ಸ್ ಮುಟ್ಟುವ ಪ್ರೊಸೆಸರ್ ಬಂತು. 19 ವರ್ಷಗಳಲ್ಲಿ ವೇಗ ಎರಡು ಪಟ್ಟೂ ಆಗಲಿಲ್ಲ.

ಕಾರಣ ಶಾಖ. ಪ್ರೊಸೆಸರ್ ಮುಖ್ಯವಾಗಿ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೂ ಮಿಡಿತದ ವೇಗಕ್ಕೂ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇ 20 ಹೆಚ್ಚಿಸಲು ವೋಲ್ಟೇಜನ್ನು ಶೇ 10 ಏರಿಸಬೇಕಾಯಿತು ಎನ್ನಿ. 1.1 × 1.1 × 1.2 ಗುಣಿಸಿ: ಶಾಖ ಶೇ 45 ಜಾಸ್ತಿ. ಹೀಗಾಗಿಯೇ 2005ರಿಂದ ಮನೆಯ ಕಂಪ್ಯೂಟರಿನ ಪ್ರೊಸೆಸರ್‌ಗಳಿಗೂ ಎರಡು, ನಾಲ್ಕು ಎಂದು ಕೋರ್‌ಗಳು ಬಂದವು. ಲ್ಯಾಪ್‌ಟಾಪ್ ಡಬ್ಬದ ಮೇಲಿನ "5 ಗಿಗಾಹರ್ಟ್ಸ್‌ವರೆಗೆ" ಎಂಬಲ್ಲಿ "ವರೆಗೆ" ಎಂಬ ಮಾತನ್ನು ಗಮನಿಸಿ. ಏಪ್ರಿಲ್ ತಿಂಗಳಲ್ಲಿ ಬಿಟಿಎಂ ಲೇಔಟಿನ ಮೇಲ್ಮಹಡಿಯ ಕೋಣೆಯಲ್ಲಿ ಒಂದು ಗಂಟೆ ಆಡಿ ನೋಡಿ; ಬಿಸಿಯೇರಿದ ಪ್ರೊಸೆಸರ್ ತಾನಾಗಿಯೇ ನಿಧಾನವಾಗುತ್ತದೆ.

ಹಾಗೆಂದು ಹೆಚ್ಚು ಕೋರ್ ವ್ಯರ್ಥವೆಂದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, 1986ರಲ್ಲೇ ಹಲವು ಪ್ರೊಸೆಸರ್‌ಗಳನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಕಂಪ್ಯೂಟರ್ ಕಟ್ಟಿತು. ಗಾಳಿಯ ಹರಿವನ್ನು ತುಂಡು ತುಂಡು ಮಾಡಿ ಒಂದೊಂದು ತುಂಡನ್ನು ಒಂದೊಂದು ಪ್ರೊಸೆಸರ್‌ಗೆ ಕೊಡಬಹುದು. ಅಂಚಿನ ಸುದ್ದಿಯನ್ನಷ್ಟೇ ಅವು ಪರಸ್ಪರ ಹಂಚಿಕೊಂಡರೆ ಸಾಕು. 2008ರಲ್ಲಿ ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸಗೊಂಡ ಜಿಯಾನ್ 7400 ಪ್ರೊಸೆಸರ್‌ಗೆ ಆರು ಕೋರ್ ಇದ್ದವು. ಅದು ಸರ್ವರ್‌ಗಳಿಗಾಗಿ ಮಾಡಿದ್ದು, ಸಾವಿರ ಗಿರಾಕಿಗಳ ದರ್ಶಿನಿ. ಗ್ರಾಫಿಕ್ಸ್ ಕಾರ್ಡ್ ಕತೆಯೂ ಇದೇ. 1920 ಅಡ್ಡ, 1080 ಉದ್ದದ ತೆರೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ. ಒಂದಕ್ಕೆ ಬಣ್ಣ ಹಚ್ಚಲು ಇನ್ನೊಂದನ್ನು ಕಾಯಬೇಕಿಲ್ಲ. ಅದಕ್ಕೇ ಆ ಕಾರ್ಡಿನಲ್ಲಿ ಸಾವಿರಾರು ಪುಟ್ಟ ಕೋರ್‌ಗಳು.

ಗಿಗಾಹರ್ಟ್ಸ್ ಅಂಕಿಯನ್ನೂ ಕುರುಡಾಗಿ ನಂಬುವಂತಿಲ್ಲ. 2006ರ ಕೋರ್ 2 ಡುವೋ 3 ಗಿಗಾಹರ್ಟ್ಸ್ ಕೂಡ ಮುಟ್ಟದೆ 3.8ರ ಪೆಂಟಿಯಮ್ 4 ಅನ್ನು ಹಿಂದೆ ಹಾಕಿತು. ಒಂದು ಮಿಡಿತಕ್ಕೆ ಅದು ಮಾಡುತ್ತಿದ್ದ ಕೆಲಸವೇ ಹೆಚ್ಚು. 2022ರ ರೈಜೆನ್ 7 5800ಎಕ್ಸ್3ಡಿಯ ವೇಗ ಅದರ ಅಣ್ಣ 5800ಎಕ್ಸ್‌ಗಿಂತ ಕಡಿಮೆ, ಕೋರ್‌ಗಳು ಇಬ್ಬರಿಗೂ ಎಂಟೇ. ಆದರೂ ಆಟಗಳಲ್ಲಿ ಬಹುಪಾಲು ತಮ್ಮನೇ ಮುಂದು. ಕೈಗೆಟುಕುವ ನೆನಪು, ಅಂದರೆ ಕ್ಯಾಶ್, ಅದಕ್ಕೆ 32ರ ಬದಲು 96 ಮೆಗಾಬೈಟ್ ಇತ್ತು. ಹಿಟ್ಟಿನ ಪಾತ್ರೆ ಪಕ್ಕದಲ್ಲೇ ಇದ್ದರೆ ಭಟ್ಟರು ಉಗ್ರಾಣಕ್ಕೆ ಓಡಬೇಕಿಲ್ಲವಲ್ಲ!

ಹೀಗಿರುವಾಗ ಕೊಳ್ಳುವುದು ಏನನ್ನು? 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಇರುವುದು ಎಂಟು ಕೋರ್. ದೊಡ್ಡ ಆಟಗಳನ್ನು ಬರೆಯುವವರು ಈ ಅಳತೆಯನ್ನು ಗಮನದಲ್ಲಿಟ್ಟುಕೊಳ್ಳುತ್ತಾರೆ. ಆದ್ದರಿಂದ ಆಟಕ್ಕೆ ಆರರಿಂದ ಎಂಟು ಒಳ್ಳೆಯ ಕೋರ್ ಸಾಕು. ಅದಕ್ಕಿಂತ ಮೇಲೆ ಒಂದೊಂದು ಕೋರ್‌ನ ಚುರುಕು ಮುಖ್ಯ. ಹದಿನಾರು ಕೋರ್‌ಗೆ ಕೊಡುವ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿದರೆ ಹೆಚ್ಚು ಫಲ. ವಿಡಿಯೋ ಸಂಕಲನ, ದೊಡ್ಡ ಪ್ರೋಗ್ರಾಂಗಳ ಕಂಪೈಲ್ ಮುಂತಾದ ಕೆಲಸ ನಿಜವಾಗಿಯೂ ಇದ್ದರೆ ಮಾತ್ರ ಮಾತು ಬೇರೆ.

ಮನೆಯಲ್ಲಿ ಈಗಾಗಲೇ ಕಂಪ್ಯೂಟರ್ ಇದ್ದು ಆಟ ತಡವರಿಸುತ್ತಿದ್ದರೆ ಹೊಸದು ಕೇಳುವ ಮುನ್ನ ಒಂದು ಪ್ರಯೋಗ ಮಾಡಿ. ಆಟದ ಸೆಟ್ಟಿಂಗ್ಸ್‌ನಲ್ಲಿ ತೆರೆಯ ರೆಸಲ್ಯೂಷನ್ ಇಳಿಸಿ. ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಚೆನ್ನಾಗಿ ಏರಿದರೆ ತೊಡಕಿದ್ದದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಕದಲದಿದ್ದರೆ ಬಹುಮಟ್ಟಿಗೆ ಪ್ರೊಸೆಸರ್‌ನಲ್ಲಿ. ಪೋಷಕರೂ ಪಕ್ಕದಲ್ಲಿ ಕುಳಿತು ನೋಡಲಿ. ಬೇಡಿಕೆ ನ್ಯಾಯವೋ ಅಲ್ಲವೋ ಎಂದು ಕಣ್ಣಿಗೇ ಕಾಣುತ್ತದೆ.

ಕೊನೆಗೆ ವಿದ್ಯಾರ್ಥಿಗಳಿಗೊಂದು ಲೆಕ್ಕ. ಮೇಲಿನ 16 ಮಿಲಿಸೆಕೆಂಡಿನಲ್ಲಿ ಸಾಲಿನಲ್ಲೇ ಆಗಬೇಕಾದದ್ದು 8ರ ಬದಲು 2 ಮಾತ್ರ ಎಂದಿಟ್ಟುಕೊಳ್ಳಿ. 8 ಕೋರ್ ಮೇಲೋ, ಶೇ 25 ಹೆಚ್ಚು ವೇಗದ 4 ಕೋರ್ ಮೇಲೋ? ಮಾಡಿ ನೋಡಿ. ಉತ್ತರ ತಿರುವುಮುರುವಾದರೆ ಗಾಬರಿ ಬೇಡ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಯಾವುದೆಂದು ಆಗ ನಿಮಗೇ ಹೊಳೆಯುತ್ತದೆ.